ಕನಸಿನ ಕಾರು ಬಂತು, ಬಿಸಿಯಾದರೆ ನಿಲ್ಲುತ್ತದೆ: ದೋಷ ಹುಡುಕುವ ದಾರಿ

ವರ್ಷಗಟ್ಟಲೆ ಆಸೆಪಟ್ಟ ಹಳೇ ಕಾರು ಕೊನೆಗೂ ನಿಮ್ಮದಾಗಿದೆ. ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಶುರುವಾಗುತ್ತದೆ. ಹದಿನೈದಿಪ್ಪತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ನಡುದಾರಿಯಲ್ಲಿ ಇಂಜಿನ್ ಆಫ್. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಶುರು.

ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಮತ್ತು ಪಾಯಿಂಟ್ (ಸ್ಪಾರ್ಕಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್ಚು) ಇರುವ ಪೆಟ್ರೋಲ್ ಕಾರು ಕೊಂಡವರು ಇವತ್ತಲ್ಲ ನಾಳೆ ಈ ತೊಂದರೆಯನ್ನು ನೋಡಿಯೇ ನೋಡುತ್ತಾರೆ. ಇದರ ಸ್ವಭಾವವೇ ಕಷ್ಟದ್ದು. ಮೆಕ್ಯಾನಿಕ್ ಹತ್ತಿರ ಒಯ್ಯುವ ಹೊತ್ತಿಗೆ ಇಂಜಿನ್ ತಣ್ಣಗಾಗಿರುತ್ತದೆ, ಕಾರು ಸರಿಯಾಗೇ ಇರುತ್ತದೆ. ಆತ ಅಂದಾಜಿನ ಮೇಲೆ ಕಾಯಿಲ್ (ಸ್ಪಾರ್ಕಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಭಾಗ) ಬದಲಿಸುತ್ತಾನೆ. ಮುಂದಿನ ಸಲ ಕಾರ್ಬುರೇಟರ್ ಕಿಟ್, ಅದರ ಮುಂದಿನ ಸಲ ಪೆಟ್ರೋಲ್ ಪಂಪು. ಕೊನೆಗೆ ಅರ್ಧ ಇಂಜಿನ್ ಹೊಸದಾಗಿರುತ್ತದೆ, ತೊಂದರೆ ಹಾಗೇ ಇರುತ್ತದೆ.

ಈ ದೋಷದ ಸಾಕ್ಷ್ಯ ಇರುವುದು ಇಂಜಿನ್ ನಿಂತ ಮೇಲಿನ ಮೊದಲ ಹತ್ತು ನಿಮಿಷ ಮಾತ್ರ. ಆಗ ನೋಡಬೇಕಾದ್ದನ್ನು ನೋಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಆ ಹತ್ತು ನಿಮಿಷ ಕಳೆದ ಮೇಲೆ ಮಾಡುವುದೆಲ್ಲ ಊಹೆ. ಹಾಗಾಗಿ ಈ ಕೈಪಿಡಿಯ ಬಹುಪಾಲು ಆ ಹತ್ತು ನಿಮಿಷದ ಬಗ್ಗೆಯೇ ಇದೆ.

ಹೊರಡುವ ಮುಂಚೆ

ದೋಷ ಹುಡುಕಲೆಂದೇ ಕಾರನ್ನು ಓಡಿಸಬೇಕಾಗುತ್ತದೆ. ಆದ್ದರಿಂದ ಮೊದಲು ಜೀವಕ್ಕೆ ಸಂಬಂಧಿಸಿದ್ದನ್ನು ನೋಡಿಕೊಳ್ಳಿ. ಬ್ರೇಕ್ ಹೋಸ್‌ಗಳಲ್ಲಿ ಬಿರುಕಿದೆಯೇ? ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯ ಸಂಖ್ಯೆ ಏನು ಹೇಳುತ್ತದೆ? 2000ದಿಂದೀಚಿನ ಟೈರುಗಳಲ್ಲಿ ಮೊದಲೆರಡು ಅಂಕಿ ವಾರ, ಕೊನೆಯೆರಡು ಅಂಕಿ ವರ್ಷ. 2314 ಅಂದರೆ 2014ರ ಇಪ್ಪತ್ಮೂರನೇ ವಾರ. ಸಂಖ್ಯೆ ಮೂರೇ ಅಂಕಿಯದಾಗಿದ್ದರೆ ಆ ಟೈರು ಕಳೆದ ಶತಮಾನದ್ದು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಿರಲಿ, ಅಂಥ ಟೈರಿನ ಮೇಲೆ ಓಡಿಸಬೇಡಿ. ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ. ಒಳಗಿನಿಂದ ಮೆತ್ತಗಾಗಿ ಉದುರುತ್ತದೆ, ಹೊರಗೆ ಜಿನುಗುತ್ತದೆ. ಹೊಸದು ಹಾಕುವಾಗ ಎಸ್‌ಎಇ ಜೆ30 ಆರ್9 ಎಂದು ಬರೆದಿರುವ ಪೈಪನ್ನೇ ಹಾಕಿ. ಕೈಗೆ ಸಿಗುವ ಜಾಗದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಇಷ್ಟಾಗದೆ ಕಾರು ಹೊರಗೆ ತೆಗೆಯಬೇಡಿ.

ಜೊತೆಗೆ ಒಯ್ಯಬೇಕಾದ್ದು: ಮಲ್ಟಿಮೀಟರ್, ಒಂದು ಸ್ಪಾರ್ಕ್ ಟೆಸ್ಟರ್ ಅಥವಾ ಒಳ್ಳೆಯ ಹಳೇ ಪ್ಲಗ್, ಎರಡೂ ಕಡೆ ಕ್ಲಿಪ್ ಇರುವ ಉದ್ದನೆಯ ವೈರು, ಇನ್ಸುಲೇಷನ್ ಇರುವ ಇಕ್ಕಳ, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು), ಟಾರ್ಚು, ಒಂದು ಬಾಟಲಿ ನೀರು, ಬಟ್ಟೆ ಚೂರು, ಒಂದು ಒಳ್ಳೆಯ ಕಂಡೆನ್ಸರ್ (ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಭಾಗ).

ಹಳೇ ಮಾಲೀಕರು ಕೊಟ್ಟ ಬಿಲ್ಲುಗಳಿದ್ದರೆ ಓದಿ. ಕೊನೆಯ ಆರು ತಿಂಗಳಲ್ಲಿ ಏನೇನು ಬದಲಿಸಿದ್ದಾರೋ ಅದರ ಮೇಲೆ ಮೊದಲ ಅನುಮಾನ ಇರಲಿ. ಇದು ತಲೆಕೆಳಗಾದ ಮಾತು ಅನ್ನಿಸಬಹುದು. ಆದರೆ ಹೊಸದಾಗಿ ತಯಾರಾಗಿ ಬರುವ ರೋಟರ್ (ತಿರುಗುತ್ತಾ ಒಂದೊಂದೇ ಪ್ಲಗ್ಗಿಗೆ ಸ್ಪಾರ್ಕ್ ಕೊಡುವ ತುಂಡು), ಕಂಡೆನ್ಸರ್, ಪಾಯಿಂಟ್‌ಗಳ ಗುಣಮಟ್ಟ ಹಳೆಯವಕ್ಕಿಂತ ಎಷ್ಟೋ ಸಲ ಕೆಳಗಿರುತ್ತದೆ. ‘ಇದನ್ನು ಈಗ ತಾನೆ ಹಾಕಿದ್ದು’ ಎಂಬುದು ಆ ಭಾಗ ಸರಿಯಿದೆ ಎನ್ನುವುದಕ್ಕೆ ಪುರಾವೆಯಲ್ಲ.

ಇನ್ನೊಂದು, ಬ್ಯಾಟರಿಯ ಯಾವ ತುದಿಯನ್ನು ಕಾರಿನ ಲೋಹದ ಬಾಡಿಗೆ ಕಟ್ಟಿದೆ ನೋಡಿಕೊಳ್ಳಿ. 1960ರ ದಶಕದ ನಡುವಿನವರೆಗಿನ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್, ಅಂದರೆ ಪ್ಲಸ್ ತುದಿಯನ್ನು ಬಾಡಿಗೆ ಕಟ್ಟುವ ಪದ್ಧತಿ, ಇರುತ್ತಿತ್ತು. ಅದಕ್ಕಾಗಿ ಕೆಳಗೆ ನಾನು ಕಾಯಿಲ್‌ನ ತುದಿಗಳನ್ನು ಪ್ಲಸ್, ಮೈನಸ್ ಅನ್ನದೆ ‘ಸ್ವಿಚ್ ಕಡೆ’, ‘ಪಾಯಿಂಟ್ ಕಡೆ’ ಎಂದೇ ಕರೆಯುತ್ತೇನೆ. ಅಂಕಿಗಳೆಲ್ಲ 12 ವೋಲ್ಟ್ ಕಾರಿಗೆ. 6 ವೋಲ್ಟಿನ ಕಾರಾದರೆ ವೋಲ್ಟೇಜನ್ನು ಅರ್ಧ ಮಾಡಿಕೊಳ್ಳಿ.

ಹೇಗೆ ನಿಂತಿತು?

ನಿಲ್ಲುವ ಆ ಕ್ಷಣದಲ್ಲಿ ಸೀಟಿನಲ್ಲಿ ಕೂತವರಿಗೆ ತಿಳಿಯುವಷ್ಟು ಬಾನೆಟ್ ತೆಗೆದವರಿಗೆ ತಿಳಿಯುವುದಿಲ್ಲ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಂದೇ ಏಟಿಗೆ ನಿಂತಿತೇ? ಹಾಗಾದರೆ ಬಹುತೇಕ ಕರೆಂಟಿನ ಕಡೆಯ ದೋಷ. ಎಳೆತ ಕಡಿಮೆಯಾಗಿ, ತಡವರಿಸಿ, ಜರ್ಕ್ ಹೊಡೆದು, ಚೋಕ್ ಎಳೆದಾಗ ಸ್ವಲ್ಪ ಚೇತರಿಸಿಕೊಂಡು ಆಮೇಲೆ ನಿಂತಿತೇ? ಪೆಟ್ರೋಲ್ ಸಾಲುತ್ತಿಲ್ಲ. ಓಡುವಾಗ ಏನೂ ತೊಂದರೆಯಿಲ್ಲದೆ, ಐದು ಹತ್ತು ನಿಮಿಷ ಆಫ್ ಮಾಡಿಟ್ಟ ಮೇಲೆ ಶುರುವಾಗಲು ಹಟ ಹಿಡಿದು, ಜೊತೆಗೆ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಸಿಯಾದಂತೆಲ್ಲ ಐಡ್ಲಿಂಗ್ ಅದುರುತ್ತಾ ಹೋಗಿ, ಸಿಗ್ನಲ್‌ನಲ್ಲಿ ನಿಂತಾಗ ಸೊರಗಿ ಆಫ್ ಆಗುತ್ತಿದ್ದರೆ ವಾಲ್ವ್‌ಗಳ ಕಡೆ ನೋಡಬೇಕು.

ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ ಮೀಟರ್ ಇದ್ದು, ಅದು ಕಾಯಿಲ್‌ನಿಂದ ಸಂಕೇತ ಪಡೆಯುವ ಬಗೆಯದಾದರೆ ನಿಮ್ಮ ಅದೃಷ್ಟ. ಇಂಜಿನ್ ಸತ್ತಾಗ ಕ್ಲಚ್ ಒತ್ತಬೇಡಿ. ಕಾರು ಗೇರಿನಲ್ಲೇ ಉರುಳಲಿ, ಮುಳ್ಳು ನೋಡಿ. ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಿದ್ದರೂ ಮುಳ್ಳು ತಟ್ಟನೆ ಸೊನ್ನೆಗೆ ಬಿದ್ದರೆ ಕಾಯಿಲ್‌ಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ಅದನ್ನು ಕಡಿದು ಕೂಡಿಸುತ್ತಿಲ್ಲ. ಮುಳ್ಳು ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಆ ಭಾಗ ಕೆಲಸ ಮಾಡುತ್ತಿದೆ. ಪೆಟ್ರೋಲನ್ನೋ, ಕಾಯಿಲ್ ದಾಟಿದ ಮೇಲಿನ ಭಾಗಗಳನ್ನೋ ಅನುಮಾನಿಸಿ. ಕೇಬಲ್‌ನಿಂದ ತಿರುಗುವ ಮೀಟರಾದರೆ ಈ ಉಪಾಯ ನಡೆಯುವುದಿಲ್ಲ.

ಮೊದಲ ಹತ್ತು ನಿಮಿಷ

ಕಾರನ್ನು ರಸ್ತೆಯಂಚಿಗೆ ತನ್ನಿ. ಕೀ ಆಫ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ: ಇಂಜಿನ್ ನಿಂತಾಗ ಪಾಯಿಂಟ್ ಕೂಡಿಕೊಂಡಿದ್ದರೆ ಕಾಯಿಲ್ ಮೂಲಕ ಸುಮ್ಮನೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಸರಿಯಿದ್ದ ಕಾಯಿಲ್ ಕೂಡ ಹೀಗೆ ಸುಡುತ್ತದೆ.

ಬಾನೆಟ್‌ಗೆ ಹೋಗುವ ಮುಂಚೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನಿಧಾನವಾಗಿ ತಿರುಗಿಸಿ, ಕಿವಿಗೊಟ್ಟು ಕೇಳಿ. ಟ್ಯಾಂಕು ಗಾಳಿಯನ್ನು ಒಳಗೆಳೆದುಕೊಳ್ಳುವ ಸುಯ್ ಸದ್ದು ಬಂದರೆ ಮುಚ್ಚಳದಲ್ಲಿರುವ ಗಾಳಿರಂಧ್ರ ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಬಾಯಿ ಬಿಗಿದ ಬಾಟಲಿಯಿಂದ ಸ್ಟ್ರಾದಲ್ಲಿ ಹೀರಿದಂತೆ ಪಂಪು ಸೋತು ಕೂರುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ ಹೇಗೋ ನುಸುಳಿ ಒತ್ತಡ ಸರಿಯಾಗುತ್ತದೆ, ಕಾರು ಶುರುವಾಗುತ್ತದೆ, ಎಲ್ಲರೂ ‘ಬಿಸಿಗೆ ಹೀಗಾಗಿತ್ತು’ ಅನ್ನುತ್ತಾರೆ. ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಬೇರೆ ಮಾಡೆಲಿನ ಮುಚ್ಚಳ ಹಾಕಿರುವ ಕಾರುಗಳಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ಗಾಳಿ ಹೊರಗೆ ಬರುವ ಸದ್ದಾದರೆ ಅದು ಆವಿಯ ಒತ್ತಡ. ಈ ದೋಷಕ್ಕೆ ಕಾರಣವಲ್ಲ.

ಮುಂದಿನದು ಸ್ಪಾರ್ಕ್. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಬ್ಬಿ) ಕ್ಯಾಪಿನ ನಡುವೆ ಕೂರುವ, ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕ್ಯಾಪಿನಿಂದ ಕಿತ್ತು ಟೆಸ್ಟರ್‌ಗೆ ಹಾಕಿ, ಟೆಸ್ಟರನ್ನು ಇಂಜಿನ್ನಿನ ಲೋಹಕ್ಕೆ ಕಚ್ಚಿಸಿ. ಕಾರ್ಬುರೇಟರ್‌ನಿಂದ ದೂರ ಇರಲಿ. ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ, ಚಟ್ ಚಟ್ ಸದ್ದು ಮಾಡುವ ಸ್ಪಾರ್ಕ್ ಆರು ಮಿಲಿಮೀಟರ್ ಅಂತರವನ್ನು ಸಲೀಸಾಗಿ ದಾಟಬೇಕು. ಹಳದಿಯಾಗಿ, ತೆಳ್ಳಗೆ, ಬಿಟ್ಟು ಬಿಟ್ಟು ಬಂದರೆ ಅದನ್ನು ‘ಸ್ಪಾರ್ಕ್ ಇದೆ’ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಬಯಲಿನಲ್ಲಿ ಹಾರುವ ಬಡ ಸ್ಪಾರ್ಕ್ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರುವುದಿಲ್ಲ.

ಸ್ಪಾರ್ಕ್ ಚೆನ್ನಾಗಿದೆಯೇ? ಆಗ ಪೆಟ್ರೋಲ್. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್ ಬಾಯಲ್ಲಿ ಟಾರ್ಚ್ ಬಿಟ್ಟು, ಆಕ್ಸಿಲರೇಟರ್ ಲಿವರನ್ನು ಕೈಯಲ್ಲಿ ಒತ್ತಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬುರೇಟರಾದರೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮುವುದು ಕಾಣಬೇಕು. ಎಸ್‌ಯು, ಸ್ಟ್ರಾಂಬರ್ಗ್ ಸಿಡಿ ಮಾದರಿಗಳಲ್ಲಿ ಆ ಪಂಪ್ ಇರುವುದಿಲ್ಲ. ಅಲ್ಲಿ ಫ್ಲೋಟ್ ಚೇಂಬರಿನ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ತುಂಬಿರುವ ಬಟ್ಟಲಿನ) ಮುಚ್ಚಳ ಬಿಚ್ಚಿ ಪೆಟ್ರೋಲ್ ಇದೆಯೇ ಎಂದು ನೋಡಬೇಕು. ಕೆಳಗೆ ಕಾದ ಎಕ್ಸಾಸ್ಟ್ ಇರುತ್ತದೆ, ಬಟ್ಟೆ ಹಿಡಿದುಕೊಳ್ಳಿ, ತೊಟ್ಟಿಕ್ಕಿಸಬೇಡಿ.

ಇಲ್ಲಿಗೆ ಮೂರರಲ್ಲಿ ಒಂದು ಉತ್ತರ ಸಿಕ್ಕಿರುತ್ತದೆ: ಸ್ಪಾರ್ಕ್ ಇಲ್ಲ, ಪೆಟ್ರೋಲ್ ಇಲ್ಲ, ಅಥವಾ ಎರಡೂ ಇವೆ. ಅದನ್ನು ಅಲ್ಲೇ ಬರೆದಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ನೆನಪು ನಮಗೆ ಬೇಕಾದಂತೆ ತಿರುಗುತ್ತದೆ.

ಸ್ಪಾರ್ಕ್ ಇಲ್ಲದಿದ್ದರೆ

ಹಳೇ ಕಾರಿನವರಲ್ಲಿ ಒಂದು ಮಾತಿದೆ, ಕಾರ್ಬುರೇಟರಿನ ತೊಂದರೆ ಎಂದು ಬರುವುದರಲ್ಲಿ ಬಹುಪಾಲು ಇಗ್ನಿಷನ್ನಿನದೇ ಎಂದು. ನನ್ನ ಅನುಭವವೂ ಅದೇ. ಹಾಗಾಗಿ ಈ ಭಾಗವನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ.

ಪಾಯಿಂಟ್, ಕಾಯಿಲ್, ಡಿಸ್ಟ್ರಿಬ್ಯೂಟರ್ ಇರುವ ಈ ವ್ಯವಸ್ಥೆ ಚಾರ್ಲ್ಸ್ ಕೆಟರಿಂಗ್ ಅವರದು. 1910ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂತು, ಮುಂದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಲೋಕದ ಬಹುಪಾಲು ಪೆಟ್ರೋಲ್ ಕಾರುಗಳು ಇದರಲ್ಲೇ ಓಡಿದವು. ಪಾಯಿಂಟ್ ಕೂಡಿದಾಗ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಪಾಯಿಂಟ್ ಬಿಟ್ಟ ಕೂಡಲೇ ಅದು ಕುಸಿದು ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಪಾಯಿಂಟ್ ಬಿಡುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ಕಂಡೆನ್ಸರ್ ತಡೆಯುತ್ತದೆ. ಇಷ್ಟು ಮನಸ್ಸಿನಲ್ಲಿದ್ದರೆ ಮೀಟರ್ ಹೇಳುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕೀ ಆನ್ ಮಾಡಿ. ಕಾಯಿಲ್‌ನ ಸ್ವಿಚ್ ಕಡೆಯ ತುದಿ ಮತ್ತು ಇಂಜಿನ್ನಿನ ಲೋಹದ ನಡುವೆ ವೋಲ್ಟೇಜ್ ನೋಡಿ. ಪಾಯಿಂಟ್ ಬಿಟ್ಟಿರುವಾಗ ಬ್ಯಾಟರಿಯಷ್ಟೇ ಬರಬೇಕು. ಏನೂ ಬರದಿದ್ದರೆ ಕೀ ಸ್ವಿಚ್ಚು, ಅದರ ವೈರು, ಅಥವಾ ಕಳ್ಳರಿಗೆಂದು ಹಿಂದಿನ ಮಾಲೀಕರು ಹಾಕಿಸಿದ ಗುಪ್ತ ಸ್ವಿಚ್ಚು ಕೈ ಕೊಟ್ಟಿದೆ. ಹಳೇ ಕೀ ಸ್ವಿಚ್ಚುಗಳು ಬಿಸಿಯಾದಾಗ ಒಳಗೇ ಬಿಟ್ಟುಕೊಳ್ಳುವುದುಂಟು. ಖಾತ್ರಿ ಮಾಡಿಕೊಳ್ಳಲು ಕ್ಲಿಪ್ ವೈರಿನಿಂದ ಬ್ಯಾಟರಿಯಲ್ಲಿ ಕಾರಿನ ಬಾಡಿಗೆ ಕಟ್ಟಿರದ ತುದಿಯಿಂದ ನೇರವಾಗಿ ಕಾಯಿಲ್‌ನ ಸ್ವಿಚ್ ಕಡೆಗೆ ಕರೆಂಟ್ ಕೊಡಿ. ಇಂಜಿನ್ ಹಿಡಿದರೆ ಸ್ವಿಚ್ ಕಡೆಯದೇ ತೊಂದರೆ. ಹೀಗೆ ಶುರುವಾದ ಇಂಜಿನ್ ಕೀ ತಿರುಗಿಸಿದರೆ ನಿಲ್ಲುವುದಿಲ್ಲ, ವೈರು ಕೀಳಬೇಕು.

ಸ್ವಿಚ್ ಕಡೆ ಸರಿಯಿದ್ದರೆ ಪಾಯಿಂಟ್ ಕಡೆಗೆ ಮೀಟರ್ ಇಡಿ. ಇಂಜಿನ್ನನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಪಾಯಿಂಟ್ ಬಿಟ್ಟಾಗ 12ರ ಆಸುಪಾಸು, ಕೂಡಿದಾಗ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಯಾವಾಗಲೂ 12 ಬರುತ್ತಿದ್ದರೆ ಪಾಯಿಂಟ್ ಕೂಡುತ್ತಿಲ್ಲ, ಮುಖದಲ್ಲಿ ಕಿಲುಬು ಅಥವಾ ಎಣ್ಣೆ ಇದೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಅರ್ಥ್ ವೈರು ಕಡಿದಿದೆ. ಯಾವಾಗಲೂ ಸೊನ್ನೆಯಾದರೆ ಕರೆಂಟ್ ಎಲ್ಲೋ ಬಾಡಿಗೆ ತಗುಲುತ್ತಿದೆ, ಅಥವಾ ಕಾಯಿಲ್‌ನ ಪ್ರೈಮರಿ ಸುತ್ತೇ ತುಂಡಾಗಿದೆ. ಯಾವುದೆಂದು ತಿಳಿಯಲು ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವೈರನ್ನು ಕಾಯಿಲ್‌ನಿಂದ ಬಿಚ್ಚಿ ಮತ್ತೆ ಅದೇ ತುದಿ ಅಳೆಯಿರಿ. ಈಗ 12 ಬಂದರೆ ಕಾಯಿಲ್ ಸರಿ. ಕಂಡೆನ್ಸರ್ ಶಾರ್ಟ್ ಆಗಿದೆ ಅಥವಾ ವೈರಿನ ಇನ್ಸುಲೇಷನ್ ಸವೆದು ಡಿಸ್ಟ್ರಿಬ್ಯೂಟರ್ ಗೋಡೆಗೆ ತಾಗುತ್ತಿದೆ. ಆಗಲೂ ಸೊನ್ನೆಯೇ ಆದರೆ ಕಾಯಿಲ್ ಹೋಗಿದೆ.

ಡಿಸ್ಟ್ರಿಬ್ಯೂಟರ್ ಒಳಗಿನ ಆ ಎರಡು ಪುಟ್ಟ ವೈರುಗಳನ್ನು ಯಾರೂ ಗಮನಿಸುವುದಿಲ್ಲ. ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ಎಳೆತದಿಂದ ಸ್ಪಾರ್ಕಿನ ಹೊತ್ತನ್ನು ಹೊಂದಿಸುವ ಸಾಧನ) ಪಾಯಿಂಟ್ ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿದಂತೆಲ್ಲ ಅವು ಬಗ್ಗುತ್ತವೆ. ವರ್ಷಾನುಗಟ್ಟಲೆ ಬಗ್ಗಿ ಒಳಗಿನ ತಾಮ್ರದ ಎಳೆಗಳು ಕಡಿದು, ಹೊರಗಿನ ಹೊದಿಕೆ ಮಾತ್ರ ಉಳಿಯುತ್ತದೆ. ನಿಂತಾಗ ಎಳೆಗಳು ತಾಗುತ್ತವೆ, ಓಡುವಾಗ ಬಿಡುತ್ತವೆ. ಕೀ ಆಫ್ ಮಾಡಿ ಮೀಟರನ್ನು ಓಮ್‌ಗೆ ಇಟ್ಟು ಆ ವೈರಿನ ಎರಡು ತುದಿಗೂ ಹಿಡಿದು, ವ್ಯಾಕ್ಯೂಮ್ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ ತುದಿಯನ್ನು ಬಾಯಲ್ಲಿ ಹೀರಿ. ತಟ್ಟೆ ತಿರುಗುವಾಗ ಅಂಕಿ ಕುಣಿದರೆ ಕಳ್ಳ ಸಿಕ್ಕಿದ.

ಕಂಡೆನ್ಸರ್ ಬಿಸಿಗೆ ಸೋಲುವುದರಲ್ಲಿ ಹೆಸರುವಾಸಿ. ಲಕ್ಷಣ: ಸ್ಪಾರ್ಕ್ ಹಳದಿ, ಪಾಯಿಂಟ್‌ಗಳ ನಡುವೆ ಮಾತ್ರ ಜೋರು ಕಿಡಿ. ಇದಕ್ಕೆ ರಸ್ತೆಬದಿಯಲ್ಲೇ ಉಪಾಯವಿದೆ. ಬಿಡಿ ಕಂಡೆನ್ಸರಿನ ವೈರನ್ನು ಕಾಯಿಲ್‌ನ ಪಾಯಿಂಟ್ ಕಡೆಗೆ ಕಚ್ಚಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ ಕಟ್ಟಿ. ಇಂಜಿನ್ ಹಿಡಿದರೆ ಹಳೆಯದು ಕೆಟ್ಟಿತ್ತೆಂದೇ ಅರ್ಥ. ಆದರೆ ಹಳೆಯದು ಶಾರ್ಟ್ ಆಗಿದ್ದರೆ ಅದನ್ನು ಬಿಚ್ಚದೆ ಈ ಉಪಾಯ ಫಲಿಸದು.

ಕಾಯಿಲ್ ವಿಷಯದಲ್ಲಿ ಬಹಳ ಗೊಂದಲವಿದೆ. ಸಾಮಾನ್ಯ 12 ವೋಲ್ಟ್ ಕಾಯಿಲ್‌ನ ಪ್ರೈಮರಿ ಸುಮಾರು 3 ಓಮ್. ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ರೋಧಕ) ಜೊತೆ ಬಳಸುವ ಕಾಯಿಲ್ ಸುಮಾರು 1.5 ಓಮ್. ಎರಡೂ ನೋಡಲು ಒಂದೇ ಥರ. ರೆಸಿಸ್ಟರ್ ಇಲ್ಲದ ಕಾರಿಗೆ 1.5 ಓಮ್‌ನದು ಹಾಕಿದರೆ 4 ಆಂಪಿಯರ್ ಹರಿಯಬೇಕಾದಲ್ಲಿ 8 ಹರಿಯುತ್ತದೆ. ಕಾಯಿಲ್ ಕೆಂಡವಾಗುತ್ತದೆ, ಪಾಯಿಂಟ್ ಸುಡುತ್ತದೆ, ಇಪ್ಪತ್ತು ನಿಮಿಷಕ್ಕೆ ಇಂಜಿನ್ ನಿಲ್ಲುತ್ತದೆ. ಹೊಸ ಕಾಯಿಲ್ ಹಾಕಿದ ಮೇಲೂ ಹಾಗೇ ಆಗುತ್ತಿದ್ದರೆ ಮೊದಲು ಇದನ್ನು ಅಳೆಯಿರಿ. ರೆಸಿಸ್ಟರ್ ಇರುವ ಕಾರಿನಲ್ಲಿ ಪಾಯಿಂಟ್ ಕೂಡಿರುವಾಗ ಸ್ವಿಚ್ ಕಡೆ 6ರಿಂದ 9 ವೋಲ್ಟ್ ಬಂದರೆ ಗಾಬರಿ ಬೇಡ, ಅದು ಇರಬೇಕಾದ್ದೇ.

ಬಿಸಿ ಕಾಯಿಲ್ ಅಳೆದಾಗ ಅಂಕಿ ಜಾಸ್ತಿ ಬರುತ್ತದೆ ಎಂಬುದನ್ನೂ ನೆನಪಿಡಿ. ತಾಮ್ರದ ರೋಧ ಡಿಗ್ರಿಗೆ ಶೇ 0.4ರಷ್ಟು ಏರುತ್ತದೆ, 20 ಡಿಗ್ರಿಯಲ್ಲಿ 3 ಓಮ್ ಇದ್ದದ್ದು 80 ಡಿಗ್ರಿಯಲ್ಲಿ ಸುಮಾರು 3.7 ತೋರಿಸಿದರೆ ಕಾಯಿಲ್ ಕೆಟ್ಟಿಲ್ಲ. ಕೆಟ್ಟ ಕಾಯಿಲ್ ಹಿಡಿಯಲು ಓಮ್‌ಗಿಂತ ಒದ್ದೆ ಬಟ್ಟೆ ವಾಸಿ. ಸ್ಪಾರ್ಕ್ ಸತ್ತಿರುವಾಗ, ಕೀ ಆಫ್ ಇದ್ದಾಗ, ಕಾಯಿಲ್‌ನ ಮೈಗೆ ಮಾತ್ರ ಒದ್ದೆ ಬಟ್ಟೆ ಸುತ್ತಿ; ಮೇಲಿನ ತುದಿಗಳು ಒಣಗಿರಲಿ. ಐದು ನಿಮಿಷದಲ್ಲಿ ಸ್ಪಾರ್ಕ್ ಮರಳಿ, ಉಳಿದ ಇಂಜಿನ್ ಇನ್ನೂ ಬಿಸಿಯಿದ್ದರೆ ತೀರ್ಪು ಬಂದಂತೆ.

ಕಾಯಿಲ್‌ನಿಂದ ಸ್ಪಾರ್ಕ್ ಚೆನ್ನಾಗಿ ಬಂದು ಪ್ಲಗ್‌ಗಳಿಗೆ ಮಾತ್ರ ತಲುಪದಿದ್ದರೆ ರೋಟರ್ ನೋಡಿ. ನಡುವೆ ರಿವೆಟ್ ಇರುವ ಅಗ್ಗದ ರೋಟರ್‌ಗಳಲ್ಲಿ ಕರೆಂಟ್ ರಿವೆಟ್ ಮೂಲಕ ಕೆಳಗಿನ ಶಾಫ್ಟಿಗೆ ಸೋರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕ್ಯಾಪ್ ತೆಗೆದು, ರೋಟರ್ ಅಲ್ಲೇ ಇರಲಿ, ಕಾಯಿಲ್‌ನ ದಪ್ಪ ವೈರಿನ ತುದಿಯನ್ನು ಇನ್ಸುಲೇಷನ್ ಇಕ್ಕಳದಲ್ಲಿ ಹಿಡಿದು ರೋಟರಿನ ನಡು ಲೋಹದಿಂದ ಐದಾರು ಮಿಲಿಮೀಟರ್ ಮೇಲಿಡಿ. ಕೀ ಆನ್ ಮಾಡಿ ಪಾಯಿಂಟನ್ನು ಮರದ ಕಡ್ಡಿಯಿಂದ ಬಿಡಿಸಿ. ಒಳ್ಳೆಯ ರೋಟರಾದರೆ ಕಿಡಿ ಹಾರುವುದಿಲ್ಲ, ಹೋಗಲು ದಾರಿಯಿಲ್ಲವಲ್ಲ. ಒಂದರ ಮೇಲೊಂದು ದಪ್ಪ ಕಿಡಿ ಹಾರಿದರೆ ರೋಟರ್ ಸೋರುತ್ತಿದೆ. ಕ್ಯಾಪಿನ ನಡುವಿನ ಇದ್ದಿಲು ಗುಂಡಿ ಸ್ಪ್ರಿಂಗಿನ ಮೇಲೆ ಕುಣಿಯುತ್ತಿದೆಯೇ ಎಂದೂ ಒತ್ತಿ ನೋಡಿ.

ಪಾಯಿಂಟ್ ಗ್ಯಾಪಿನ ಅಳತೆ ಹಲವು ಕಾರುಗಳಲ್ಲಿ 0.35ರಿಂದ 0.40 ಮಿ.ಮೀ. ನಿಮ್ಮ ಕಾರಿನ ಪುಸ್ತಕದಲ್ಲಿರುವುದೇ ಕೊನೆಯ ಮಾತು. ಡಿಸ್ಟ್ರಿಬ್ಯೂಟರ್ ಕ್ಯಾಮಿಗೆ ಗ್ರೀಸ್ ಹಚ್ಚದಿದ್ದರೆ ಪಾಯಿಂಟಿನ ಹಿಮ್ಮಡಿ ಬೇಗ ಸವೆಯುತ್ತದೆ, ಗ್ಯಾಪ್ ಮುಚ್ಚುತ್ತಾ ಬರುತ್ತದೆ, ಜೊತೆಗೆ ಟೈಮಿಂಗ್ ಹಿಂದೆ ಬೀಳುತ್ತದೆ. ಹೊಸ ಪಾಯಿಂಟ್ ಹಾಕಿ ಕೆಲವೇ ದಿನಕ್ಕೆ ಕಾರು ಸೊರಗಿದರೆ ಇಲ್ಲಿಗೆ ಬನ್ನಿ.

ಪೆಟ್ರೋಲ್ ಬರದಿದ್ದರೆ

ಇಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ವೇಪರ್ ಲಾಕ್. ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗಿ, ಪಂಪು ಆವಿಯನ್ನು ಎಳೆಯಲಾರದೆ ಸೋಲುವುದು ನಿಜವೇ. ಇಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ದ್ರವ ಬೇಗ ಕುದಿಯುತ್ತದೆ. ಎಥನಾಲ್ ಶೇ 10ರಷ್ಟು ಬೆರೆತರೆ ಆವಿಯಾಗುವ ಗುಣ ಇನ್ನಷ್ಟು ಹೆಚ್ಚುತ್ತದೆ. ಆದರೆ ಇದೇ ಕಾರುಗಳು ಹೊಸತರಲ್ಲಿ ಬೇಸಿಗೆಯಲ್ಲೂ ಓಡಿದ್ದವು. ಹಾಗಾಗಿ ವೇಪರ್ ಲಾಕ್ ಅನ್ನುವ ಮುಂಚೆ ಬೇರೆ ಮೂರು ವಿಷಯ ತಳ್ಳಿಹಾಕಿ.

ಮುಚ್ಚಳದ ರಂಧ್ರ ಆಗಲೇ ನೋಡಿದಿರಿ. ಎರಡನೆಯದು ಟ್ಯಾಂಕಿನ ತುಕ್ಕು. ವರ್ಷಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕಿನ ಪುಡಿ ಇದ್ದೇ ಇರುತ್ತದೆ. ಓಡುವಾಗ ಅದು ಕದಡಿ ಹೀರುಕೊಳವೆಯ ಜಾಲರಿಗೆ ಅಂಟುತ್ತದೆ. ಕಾರು ನಿಂತ ಮೇಲೆ ತಳಕ್ಕಿಳಿಯುತ್ತದೆ. ಬಿಸಿಗೆ ನಿಂತು ತಣ್ಣಗಾದ ಮೇಲೆ ಶುರುವಾದಂತೆಯೇ ಕಾಣುತ್ತದೆ. ಪರೀಕ್ಷೆ ಸುಲಭ: ಇಂಜಿನ್ ನಿಂತ ಕೂಡಲೇ ಪಂಪಿಗೆ ಬರುವ ಪೈಪ್ ಬಿಚ್ಚಿ ಟ್ಯಾಂಕಿನ ಕಡೆಗೆ ಗಾಳಿ ಊದಿ, ಬಾಯಲ್ಲಿ ಬೇಡ, ಟೈರಿಗೆ ಗಾಳಿ ಹೊಡೆಯುವ ಕೈಪಂಪಿನಲ್ಲಿ, ಟ್ಯಾಂಕಿನ ಮುಚ್ಚಳ ತೆಗೆದಿಟ್ಟು. ಗುಳುಗುಳು ಸದ್ದಾಗಿ ಕಾರು ಕೂಡಲೇ ಶುರುವಾದರೆ ಟ್ಯಾಂಕ್ ಇಳಿಸಿ ತೊಳೆಸುವ ಕೆಲಸ ಇದೆ. ಮೂರನೆಯದು ಹೀರುವ ಕಡೆಯ ರಬ್ಬರ್ ತುಂಡು. ಮೆತ್ತಗಾದ ರಬ್ಬರ್ ಎಳೆತಕ್ಕೆ ಚಪ್ಪಟೆಯಾಗುತ್ತದೆ; ಬಿರುಕು ಬಿಟ್ಟ ರಬ್ಬರ್ ಪೆಟ್ರೋಲ್ ಸೋರಿಸದೆ ಗಾಳಿ ಮಾತ್ರ ಎಳೆದುಕೊಳ್ಳುತ್ತದೆ.

ಪಾರದರ್ಶಕ ಫಿಲ್ಟರ್ ಅರ್ಧ ಖಾಲಿ ಕಂಡರೆ ಅದೇ ದೋಷ ಎಂದುಕೊಳ್ಳಬೇಡಿ. ಚೆನ್ನಾಗಿ ಓಡುವ ಕಾರಿನಲ್ಲೂ ಹಾಗಿರುತ್ತದೆ. ಪೆಟ್ರೋಲ್ ಪೈಪಿಗೆ ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸುವ ಹಳೇ ಚಿಕಿತ್ಸೆಯಲ್ಲಿ ನನಗೆ ನಂಬಿಕೆಯಿಲ್ಲ. ಪೈಪು ಎಕ್ಸಾಸ್ಟಿಗೆ ಎಷ್ಟು ಹತ್ತಿರ ಹೋಗಿದೆ ನೋಡಿ, ದೂರ ಸರಿಸಿ, ಹಿಂದೆ ಯಾರೋ ತೆಗೆದೆಸೆದ ತಗಡಿನ ಹೀಟ್ ಶೀಲ್ಡ್ ಹುಡುಕಿ ಹಾಕಿ. ನಿಜವಾದ ವೇಪರ್ ಲಾಕ್ ಆದರೆ ಪಂಪು ಮತ್ತು ಪೈಪಿಗೆ ಒದ್ದೆ ಬಟ್ಟೆ ಹಾಕಿದ ಕೂಡಲೇ ಗುಣ ಕಾಣಬೇಕು.

ನಿಲ್ಲಿಸಿದ ಮೇಲೆ ಶುರುವಾಗದ ತೊಂದರೆ ಬೇರೆ. ಓಡುವಾಗ ಗಾಳಿ, ಪೆಟ್ರೋಲ್ ಹರಿದು ಕಾರ್ಬುರೇಟರ್ ತಂಪಾಗಿರುತ್ತದೆ. ಆಫ್ ಮಾಡಿದ ಮೇಲೆ ಇಂಜಿನ್ನಿನ ಕಾವು ಮೇಲೇರಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡ್‌ಗೆ ಸುರಿಯುತ್ತದೆ. ಆಗ ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿದರೆ ಇನ್ನಷ್ಟು ಪೆಟ್ರೋಲ್ ಬೀಳುತ್ತದೆ. ಪೂರ್ತಿ ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯಿರಿ. ಕಪ್ಪು ಹೊಗೆ ಬಿಟ್ಟು ಹಿಡಿದರೆ ಕಾರಣ ಇದೇ. ಕಾರ್ಬುರೇಟರ್ ಕೆಳಗಿನ ಕಾವು ತಡೆಯುವ ದಪ್ಪ ಬೇಕಲೈಟ್ ಬಿಲ್ಲೆ ಇದೆಯೇ, ಅಥವಾ ಅದರ ಜಾಗದಲ್ಲಿ ಬರೀ ಕಾಗದದ ಗ್ಯಾಸ್ಕೆಟ್ ಇದೆಯೇ ನೋಡಿ. ಫ್ಲೋಟ್ ಮಟ್ಟವನ್ನೂ ಪಂಪಿನ ಒತ್ತಡವನ್ನೂ ಅಳೆಯಿರಿ. ಈ ಕಾರ್ಬುರೇಟರ್‌ಗಳಿಗೆ ಸಾಮಾನ್ಯವಾಗಿ 0.2–0.3 ಬಾರ್ ಸಾಕು. ಇಂಜೆಕ್ಷನ್ ಕಾರಿನ ಹೆಚ್ಚು ಒತ್ತಡದ ಎಲೆಕ್ಟ್ರಿಕ್ ಪಂಪನ್ನು ಯಾರಾದರೂ ಕೂರಿಸಿದ್ದರೆ ಯಾವ ಫ್ಲೋಟ್ ಸೂಜಿಯೂ ತಡೆಯಲಾರದು.

ಎರಡೂ ಇದ್ದು ಹಿಡಿಯದಿದ್ದರೆ

ಇದು ಅಪರೂಪ, ಆದರೆ ಸಿಕ್ಕರೆ ದೊಡ್ಡದು. ಎಕ್ಸಾಸ್ಟ್ ವಾಲ್ವಿನ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ) ತೀರಾ ಬಿಗಿಯಾಗಿದ್ದರೆ, ಬಿಸಿಯಾಗಿ ವಾಲ್ವ್ ಉದ್ದವಾದಾಗ ಪೂರ್ತಿ ಮುಚ್ಚುವುದಿಲ್ಲ; ಕಂಪ್ರೆಷನ್ ಸೋರುತ್ತದೆ. ತಣ್ಣಗಾದ ಮೇಲೆ ಮತ್ತೆ ಮುಚ್ಚುತ್ತದೆ.

ಗ್ಯಾಪ್ ತಾನಾಗಿ ಏಕೆ ಬಿಗಿಯಾಗುತ್ತದೆ? ಹಳೇ ಇಂಜಿನ್‌ಗಳ ವಾಲ್ವ್ ಸೀಟುಗಳು ಸೀಸವಿರುವ ಪೆಟ್ರೋಲಿಗೆಂದು ಮಾಡಿದ ಮೆತ್ತನೆ ಕಬ್ಬಿಣದವು. ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿದರೆ ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವುದು) ನಿಲ್ಲುತ್ತದೆ ಎಂದು 1921ರಲ್ಲಿ ಕಂಡುಕೊಂಡವರು ಥಾಮಸ್ ಮಿಜ್ಲಿ. ಪಾಯಿಂಟ್ ವ್ಯವಸ್ಥೆ ಕೊಟ್ಟ ಅದೇ ಕೆಟರಿಂಗ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದವರು. ಆ ಸೀಸ ವಾಲ್ವ್ ಸೀಟಿನ ಮೇಲೂ ತೆಳುಪದರವಾಗಿ ಕೂತು ಸವೆತ ತಡೆಯುತ್ತಿತ್ತು. ಜನರ ಆರೋಗ್ಯಕ್ಕೆ ಅದು ಮಾಡಿದ ಹಾನಿ ದೊಡ್ಡದು. 2021ರಲ್ಲಿ ಅಲ್ಜೀರಿಯಾ ಮಾರಾಟ ನಿಲ್ಲಿಸುವುದರೊಂದಿಗೆ ಸೀಸದ ಪೆಟ್ರೋಲ್ ಲೋಕದ ಕಾರುಗಳಿಂದ ಪೂರ್ತಿ ಹೋಯಿತು. ಈಗ ಮೆತ್ತನೆ ಸೀಟಿನ ಇಂಜಿನ್ನನ್ನು ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸೀಟಿನೊಳಗೆ ಕುಸಿಯುತ್ತಾ ಹೋಗಿ ಗ್ಯಾಪ್ ತಿನ್ನುತ್ತದೆ.

ಪರೀಕ್ಷೆಗೆ ಎಲ್ಲಾ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಇಗ್ನಿಷನ್ ವೈರು ಕಳಚಿ, ಕಂಪ್ರೆಷನ್ ಅನ್ನು ಬಿಸಿಯಲ್ಲೊಮ್ಮೆ ತಣ್ಣಗಿದ್ದಾಗೊಮ್ಮೆ ಅಳೆಯಿರಿ. ಬಿಸಿಯಲ್ಲಿ ಒಂದೆರಡು ಸಿಲಿಂಡರ್ ಮಾತ್ರ ಕುಸಿದರೆ ಟ್ಯಾಪೆಟ್ ಹೊಂದಿಸಿ. ಮುಂದಿನ ತಿಂಗಳುಗಳಲ್ಲಿ ಅದೇ ವಾಲ್ವ್ ಮತ್ತೆ ಬಿಗಿಯಾದರೆ ಹೆಡ್ ಇಳಿಸಿ ಗಟ್ಟಿ ಸೀಟು ಹಾಕಿಸಬೇಕು. ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಅದು ಬೇರೆಯೇ ಕತೆ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಮುಟ್ಟಬೇಡಿ.

ಸಿಕ್ಕಿತು ಅನ್ನಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಕಾರು ಸರಿಹೋಗಬಹುದು, ಕಾರಣ ಗೊತ್ತಾಗುವುದಿಲ್ಲ, ಮತ್ತೆ ಬಂದಾಗ ಮೊದಲಿನಿಂದ ಶುರು. ತೆಗೆದ ಹಳೇ ಭಾಗದ ಮೇಲೆ ದಿನಾಂಕ ಬರೆದಿಡಿ. ಅನುಮಾನದ ಕಾಯಿಲ್ ಅಥವಾ ಕಂಡೆನ್ಸರನ್ನು ಕಾರಿನಲ್ಲೇ ಇರಿಸಿ, ತಣ್ಣಗಿನ ಇಂಜಿನ್ ಓಡುತ್ತಿರುವಾಗ ಕೂದಲೊಣಗಿಸುವ ಬಿಸಿಗಾಳಿ ಯಂತ್ರದಿಂದ ಅದೊಂದನ್ನೇ ಕಾಯಿಸಿ ನೋಡಿ. ಹತ್ತಿರದಲ್ಲಿ ಪೆಟ್ರೋಲ್ ಜಿನುಗು ಇಲ್ಲವೆಂದು ಖಾತ್ರಿ ಮಾಡಿಕೊಂಡೇ. ಇಂಜಿನ್ ಸತ್ತರೆ ಇದಕ್ಕಿಂತ ಸಾಕ್ಷಿ ಬೇಡ.

ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ ಎಂಬ ಸಲಹೆ ಬಹಳ ಬರುತ್ತದೆ. ಒಳ್ಳೆಯ ವಸ್ತುವೇ, ನನ್ನ ತಕರಾರಿಲ್ಲ. ಆದರೆ ದೋಷ ಸಿಗುವ ಮುಂಚೆ ಹಾಕಬೇಡಿ. ಕೆಟ್ಟ ಕೀ ಸ್ವಿಚ್ಚು, ಸೋರುವ ರೋಟರ್, ಕಟ್ಟಿದ ಮುಚ್ಚಳ ಇವು ಯಾವುದನ್ನೂ ಅದು ಸರಿಮಾಡುವುದಿಲ್ಲ, ಅನುಮಾನಕ್ಕೆ ಇನ್ನೊಂದು ಭಾಗ ಸೇರುತ್ತದೆ ಅಷ್ಟೆ. ಹಾಕಿದ ಮೇಲೂ ಹಳೇ ಪಾಯಿಂಟ್ ತಟ್ಟೆ ಡಿಕ್ಕಿಯಲ್ಲಿರಲಿ.

ಕೆಲವು ಕಾರುಗಳು ವಾರಕ್ಕೊಮ್ಮೆ ಮಾತ್ರ ನಿಲ್ಲುತ್ತವೆ, ಅದೂ ಮೀಟರ್ ತೆಗೆಯುವ ಮುಂಚೆ ಸರಿಹೋಗುತ್ತವೆ. ಅಂಥವಕ್ಕೆ ಎರಡು ಪುಟ್ಟ 12 ವೋಲ್ಟ್ ಬಲ್ಬ್ ಸಾಕು, ಒಂದೊಂದಕ್ಕೂ 1 ಆಂಪಿಯರ್ ಫ್ಯೂಸ್ ಹಾಕಿ. ಒಂದನ್ನು ಕಾಯಿಲ್‌ನ ಸ್ವಿಚ್ ಕಡೆಯಿಂದ, ಇನ್ನೊಂದನ್ನು ಎಲೆಕ್ಟ್ರಿಕ್ ಪೆಟ್ರೋಲ್ ಪಂಪು ಇದ್ದರೆ ಅದರ ಕರೆಂಟ್ ತುದಿಯಿಂದ ವೈರೆಳೆದು, ಡ್ಯಾಶ್‌ಬೋರ್ಡಿನ ಮೇಲೆ ಕಣ್ಣಿಗೆ ಬೀಳುವ ಹಾಗೆ ಟೇಪ್ ಹಚ್ಚಿ. ಎರಡರ ಇನ್ನೊಂದು ತುದಿ ಬಾಡಿಗೆ. ಇಂಜಿನ್ ಸಾಯುವ ಕ್ಷಣದಲ್ಲಿ ಕಾಯಿಲ್‌ನ ಬಲ್ಬ್ ಆರಿದರೆ ಕೀ ಸ್ವಿಚ್ಚಿನಿಂದ ಕಾಯಿಲ್‌ವರೆಗಿನ ವೈರನ್ನು ಗೇಣುಗೇಣಾಗಿ ನೋಡಿಕೊಂಡು ಬನ್ನಿ; ಅದು ಉರಿಯುತ್ತಲೇ ಇದ್ದರೆ ಕಾಯಿಲ್‌ನಿಂದ ಮುಂದಕ್ಕೆ ಹೋಗಿ. ಪಂಪಿನ ಬಲ್ಬ್ ಆರಿದ್ದರೆ ಮೊದಲು ಪಂಪಿಗೆ ಕರೆಂಟ್ ತರುವ ವೈರಿನ ಎಲ್ಲಾ ಜೋಡಣೆಗಳನ್ನು ಬಿಚ್ಚಿ ಉಜ್ಜಿ ಬಿಗಿಮಾಡಿ, ಆಮೇಲೆ ಪಂಪಿಗೆ ಕೈ ಹಾಕಿ.